ಅಲೆ ಎಲ್ಲಿ ಹೋಯ್ತು? ಸಮುದ್ರದ ಎಣ್ಣೆ ಹುಡುಕುವ ರೇಡಾರ್ ಕಥೆ

ಎಣ್ಣೆ ಅಂದ ತಕ್ಷಣ ಹಾಸ್ಟೆಲ್‌ನಲ್ಲಿ ಯಾವ ಅರ್ಥ ಬರುತ್ತೆ ಅಂತ ನಮಗೂ ಗೊತ್ತು. ಇದು ಆ ಎಣ್ಣೆಯ ವಿಷಯ ಅಲ್ಲ, ನಿರಾಸೆಯಾದವರು ಕ್ಷಮಿಸಿ. ಹಡಗು ಮುಳುಗಿದಾಗ, ಪೈಪ್‌ಲೈನ್ ಒಡೆದಾಗ, ಅಥವಾ ಯಾರೂ ನೋಡ್ತಿಲ್ಲ ಅಂತ ರಾತ್ರೋರಾತ್ರಿ ಎಂಜಿನ್ ರೂಮಿನ ಕೊಳೆಯನ್ನು ಸಮುದ್ರಕ್ಕೆ ಬಿಟ್ಟಾಗ ನೀರಿನ ಮೇಲೆ ಹರಡುತ್ತಲ್ಲ, ಆ ಎಣ್ಣೆಯ ವಿಷಯ.

ಅದನ್ನು ಸುಮಾರು 700 ಕಿ.ಮೀ. ಎತ್ತರದಿಂದ, ಕತ್ತಲಲ್ಲೂ, ಮೋಡದ ಮೂಲಕವೂ ಹುಡುಕುವ ರೇಡಾರ್ ಉಪಗ್ರಹಗಳಿವೆ. ಇದನ್ನು ಕೇಳಿದ ಕೂಡಲೇ, ರೇಡಾರ್ ಎಣ್ಣೆಯನ್ನು ಹೇಗೋ ಗುರುತಿಸುತ್ತೆ ಅಂತ ಅನ್ನಿಸುತ್ತೆ. ವಿಷಯ ಹಾಗಿಲ್ಲ. ರೇಡಾರ್‌ಗೆ ಎಣ್ಣೆ ಕಾಣೋದೇ ಇಲ್ಲ. ಅದಕ್ಕೆ ಕಾಣೋದು ಅಲೆ. ಎಣ್ಣೆ ಇರುವ ಜಾಗದಲ್ಲಿ ಸಣ್ಣ ಅಲೆಗಳು ಇರಲ್ಲ, ಅಷ್ಟೇ. ಇರಬೇಕಾದ್ದು ಇಲ್ಲ ಅನ್ನೋದನ್ನು ನೋಡಿ, ಯಾಕಿಲ್ಲ ಅಂತ ನಾವು ಕಂಡುಹಿಡಿಯಬೇಕು. ಈ ಒಂದು ಮಾತು ತಲೆಗೆ ಹೋದರೆ ಉಳಿದದ್ದೆಲ್ಲ ಸಲೀಸು. ಈ ವಿಧಾನ ಯಾವಾಗ ಕೆಲಸ ಮಾಡುತ್ತೆ, ಯಾವಾಗ ಮೋಸಹೋಗುತ್ತೆ, ನಮ್ಮ ಕರಾವಳಿಯ ಮಳೆಗಾಲದಲ್ಲಿ ಯಾಕೆ ತಿಣುಕಾಡುತ್ತೆ, ಎಲ್ಲಕ್ಕೂ ಉತ್ತರ ಅಲ್ಲೇ ಇದೆ.

ಫೋಟೋ ತೆಗೆದ್ರೆ ಸಾಲಲ್ವಾ?

ಮಾಮೂಲಿ ಕ್ಯಾಮೆರಾ ಇರುವ ಉಪಗ್ರಹಗಳು ಬೇಕಾದಷ್ಟಿವೆ. ಆದರೆ ಅವಕ್ಕೆ ಬಿಸಿಲು ಬೇಕು, ಆಕಾಶ ತಿಳಿಯಾಗಿರಬೇಕು. ಜೂನ್ ತಿಂಗಳ ಯಾವುದಾದರೂ ದಿನ ಕರಾವಳಿಯ ಉಪಗ್ರಹ ಚಿತ್ರ ತೆಗೆದು ನೋಡಿ. ಸಮುದ್ರನೂ ಇಲ್ಲ, ಮಂಗಳೂರೂ ಇಲ್ಲ, ಬರೀ ಬಿಳಿ ಹತ್ತಿ.

ರೇಡಾರ್ ತನ್ನ ಬೆಳಕನ್ನು ತಾನೇ ಹೊತ್ತುಕೊಂಡು ಹೋಗುತ್ತೆ. ಮೈಕ್ರೋವೇವ್ ಸಿಗ್ನಲ್ ಕಳಿಸುತ್ತೆ, ವಾಪಸ್ ಬಂದದ್ದನ್ನು ಅಳೆಯುತ್ತೆ. ಹಗಲಾದರೇನು, ರಾತ್ರಿಯಾದರೇನು? ಯುರೋಪಿನ ಸೆಂಟಿನೆಲ್-1 ಉಪಗ್ರಹ ಕೆಲಸ ಮಾಡೋದು 5.405 ಗಿಗಾಹರ್ಟ್ಸ್‌ನಲ್ಲಿ. ಬೆಳಕಿನ ವೇಗವನ್ನು ಅದರಿಂದ ಭಾಗಿಸಿದರೆ ತರಂಗದ ಉದ್ದ ಸುಮಾರು 5.5 ಸೆಂ.ಮೀ. ಮೋಡದ ಒಂದು ಹನಿ ಮಿಲಿಮೀಟರಿನ ನೂರನೇ ಒಂದೆರಡು ಪಾಲು ಇರುತ್ತೆ. ಇಷ್ಟುದ್ದದ ತರಂಗಕ್ಕೆ ಅಷ್ಟು ಚಿಕ್ಕ ಹನಿ ಲೆಕ್ಕಕ್ಕೇ ಇಲ್ಲ, ಆರಾಮಾಗಿ ದಾಟಿಕೊಂಡು ಹೋಗುತ್ತೆ. ಜೊತೆಗೆ ಒಂದೇ ಸಲಕ್ಕೆ 250 ಕಿ.ಮೀ. ಅಗಲದ ಪಟ್ಟಿಯನ್ನು ನೋಡುತ್ತೆ.

ರಾತ್ರಿ ಕಾಣೋದು ಯಾಕೆ ಮುಖ್ಯ? ಟಿವಿಯಲ್ಲಿ ಬರೋದು ದೊಡ್ಡ ಅಪಘಾತಗಳು ಮಾತ್ರ. ಆದರೆ ಸಮುದ್ರದ ಮೇಲಿನ ಎಣ್ಣೆ ಪಟ್ಟಿಗಳಲ್ಲಿ ಬಹುಪಾಲು ಸುದ್ದಿಯೇ ಆಗದ ಚಿಕ್ಕ ಚಿಕ್ಕವು. 2014ರಿಂದ 2019ರವರೆಗಿನ ಸುಮಾರು 5.6 ಲಕ್ಷ ಸೆಂಟಿನೆಲ್-1 ಚಿತ್ರಗಳನ್ನು ಜಾಲಾಡಿದ ಒಂದು ಅಧ್ಯಯನ 2022ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂತು. ಅದರ ಪ್ರಕಾರ ಎಣ್ಣೆ ಪದರಗಳಲ್ಲಿ ಶೇಕಡಾ 94ರಷ್ಟು ಮನುಷ್ಯರಿಂದಲೇ ಆದದ್ದು. ಅವು ದಟ್ಟವಾಗಿ ಕಂಡ 21 ಪಟ್ಟಿಗಳು ಹಡಗಿನ ದಾರಿಗಳ ಜೊತೆ ಹೊಂದಿಕೊಂಡಿದ್ದವು. ಮಾರ್ಪೋಲ್ ಅನ್ನೋ ಅಂತಾರಾಷ್ಟ್ರೀಯ ಒಪ್ಪಂದದ ಪ್ರಕಾರ ಹಡಗುಗಳು ಎಂಜಿನ್ ರೂಮಿನ ನೀರನ್ನು ಸೋಸಿ, ಎಣ್ಣೆಯ ಅಂಶ ಹತ್ತು ಲಕ್ಷಕ್ಕೆ 15 ಭಾಗಕ್ಕಿಂತ ಕಡಿಮೆ ಇದ್ದರೆ ಮಾತ್ರ ಹೊರಗೆ ಬಿಡಬೇಕು. ಸೋಸೋಕೆ ದುಡ್ಡು ಬೇಕು, ಟೈಮ್ ಬೇಕು. ಕತ್ತಲು ಪುಕ್ಕಟೆ.

ಫ್ರಾಂಕ್ಲಿನ್ ಮತ್ತು ಒಂದು ಟೀ ಚಮಚ

ಎಣ್ಣೆ ಅಲೆಯನ್ನು ಅಡಗಿಸುತ್ತೆ ಅನ್ನೋದು ಉಪಗ್ರಹಕ್ಕಿಂತ ತುಂಬಾ ಹಳೆಯ ವಿಷಯ. 1757ರಲ್ಲಿ ಬೆಂಜಮಿನ್ ಫ್ರಾಂಕ್ಲಿನ್, ಹೌದು, ಗಾಳಿಪಟ ಹಾರಿಸಿ ಮಿಂಚಿನ ಪ್ರಯೋಗ ಮಾಡಿದವರೇ, ಹಡಗಿನಲ್ಲಿ ಹೋಗ್ತಿದ್ದರು. ಜೊತೆಗಿದ್ದ ಹಡಗುಗಳ ಪೈಕಿ ಎರಡರ ಹಿಂದೆ ಮಾತ್ರ ನೀರು ನುಣ್ಣಗಿತ್ತು, ಉಳಿದವುಗಳ ಹಿಂದೆ ಹಾಗಿರಲಿಲ್ಲ. ಕ್ಯಾಪ್ಟನ್‌ನ ಕೇಳಿದಾಗ, ಅಡುಗೆಯವರು ಈಗ ತಾನೇ ಜಿಡ್ಡು ನೀರು ಚೆಲ್ಲಿರಬೇಕು ಅನ್ನೋ ಉತ್ತರ ಬಂತು.

ಯೋಚನೆ ಮಾಡಿ. ಅಲೆ ಇಲ್ಲದ್ದನ್ನು ನೋಡಿ, ಯಾವ ಹಡಗು ಎಣ್ಣೆ ಬಿಟ್ಟಿತು ಅಂತ ಪತ್ತೆ ಮಾಡೋ ಕೆಲಸ ಅಲ್ಲೇ ನಡೆದುಹೋಯ್ತು. ಉಪಗ್ರಹ ಇವತ್ತು ಮಾಡ್ತಿರೋದೂ ಅದನ್ನೇ.

ಆಮೇಲೆ ಫ್ರಾಂಕ್ಲಿನ್ ಲಂಡನ್ನಿನ ಕ್ಲಾಪಮ್ ಕಾಮನ್‌ನ ಕೆರೆಯಲ್ಲಿ, ಗಾಳಿ ಬೀಸ್ತಿದ್ದಾಗ, ಒಂದು ಟೀ ಚಮಚಕ್ಕಿಂತ ಹೆಚ್ಚಿಲ್ಲದಷ್ಟು ಎಣ್ಣೆ ಹಾಕಿ ನೋಡಿದರು. ಸುಮಾರು ಅರ್ಧ ಎಕರೆ ನೀರು ಕನ್ನಡಿಯಂತಾಯ್ತು. 1774ರಲ್ಲಿ ಇದು ಪ್ರಕಟವಾಯ್ತು. ಅವರು ಮಾಡದೇ ಬಿಟ್ಟ ಲೆಕ್ಕವನ್ನು ನಾವು ಮಾಡೋಣ. ಅರ್ಧ ಎಕರೆ ಅಂದರೆ ನಮ್ಮ ಇಪ್ಪತ್ತು ಗುಂಟೆ, ಸುಮಾರು 2000 ಚದರ ಮೀಟರ್. ಟೀ ಚಮಚ 5 ಮಿಲಿಲೀಟರ್. ಭಾಗಿಸಿದರೆ ಪದರದ ದಪ್ಪ 2.5 ನ್ಯಾನೋಮೀಟರ್. ಅಂದರೆ ಹೆಚ್ಚುಕಡಿಮೆ ಒಂದೇ ಅಣುವಿನ ದಪ್ಪ! ಇಷ್ಟು ತೆಳ್ಳಗಿನ ಪದರ ಒಂದು ಕೆರೆಯನ್ನೇ ಸುಮ್ಮನಾಗಿಸುತ್ತೆ.

ಹೇಗೆ? ಸಣ್ಣ ಅಲೆ ಎದ್ದು ಬೀಳುವಾಗ ನೀರಿನ ಮೇಲ್ಮೈ ಒಂದು ಕಡೆ ಹಿಗ್ಗುತ್ತೆ, ಇನ್ನೊಂದು ಕಡೆ ಕುಗ್ಗುತ್ತೆ. ಪದರ ಹಿಗ್ಗಿದ ಕಡೆ ತೆಳ್ಳಗಾಗಿ ಅಲ್ಲಿ ಮೇಲ್ಮೈ ಸೆಳೆತ ಜಾಸ್ತಿ ಆಗುತ್ತೆ, ಕುಗ್ಗಿದ ಕಡೆ ಕಡಿಮೆ ಆಗುತ್ತೆ. ಈ ಏರುಪೇರು ನೀರನ್ನು ಹಿಂದಕ್ಕೆ ಎಳೆಯುತ್ತೆ. ಆ ಎಳೆದಾಟದಲ್ಲಿ ಅಲೆಯ ಶಕ್ತಿ ಘರ್ಷಣೆಗೆ ಹೋಗುತ್ತೆ. ಮರಾಂಗೋನಿ ಪರಿಣಾಮ ಅಂತ ಇದರ ಹೆಸರು. ಗಮನಿಸಬೇಕಾದ್ದು ಏನಂದ್ರೆ, ಇದು ಹೊಡೆಯೋದು ಸೆಂಟಿಮೀಟರ್ ಅಳತೆಯ ಕಿರುಅಲೆಗಳನ್ನು. ದಡಕ್ಕೆ ಬಂದು ಅಪ್ಪಳಿಸುವ ದೊಡ್ಡ ತೆರೆಗಳಿಗೆ ತೆಳು ಎಣ್ಣೆಯಿಂದ ಏನೂ ಆಗಲ್ಲ.

ರೇಡಾರ್‌ಗೆ ಅದು ಕಪ್ಪಾಗಿ ಕಾಣೋದು ಯಾಕೆ?

ಕತ್ತಲೆ ಕೋಣೆಯಲ್ಲಿ ನೆಲದ ಮೇಲೆ ಒಂದು ಕನ್ನಡಿ ಇಟ್ಟು, ಓರೆಯಾಗಿ ಟಾರ್ಚ್ ಬಿಡಿ. ಬೆಳಕು ಎದುರು ಗೋಡೆಗೆ ಹೋಗಿ ಬೀಳುತ್ತೆ. ನಿಮ್ಮ ಕಡೆ ಏನೂ ಬರಲ್ಲ, ಕನ್ನಡಿ ಕಪ್ಪಾಗಿ ಕಾಣುತ್ತೆ. ಸುತ್ತಲಿನ ಒರಟು ನೆಲ ಮಾತ್ರ ಕಾಣುತ್ತೆ, ಯಾಕಂದ್ರೆ ಅದು ಬೆಳಕನ್ನು ಎಲ್ಲಾ ದಿಕ್ಕಿಗೂ ಚೆದುರಿಸುತ್ತೆ. ರೇಡಾರ್ ಉಪಗ್ರಹಗಳು ನೋಡೋದೂ ನೇರ ಕೆಳಗೆ ಅಲ್ಲ, ಓರೆಯಾಗಿ. ಹಾಗಾಗಿ ನುಣುಪು ನೀರು ಕಪ್ಪು, ಒರಟು ನೀರು ಬಿಳಿ.

ಆದರೆ ‘ಒರಟು’ ಅಂದರೆ ಎಷ್ಟು ಒರಟು? ಇಲ್ಲಿ ಫಸ್ಟ್ ಇಯರ್ ಫಿಸಿಕ್ಸ್‌ನ ಬ್ರ್ಯಾಗ್ ವಾಪಸ್ ಬರ್ತಾನೆ. ಅಲ್ಲಿ ಎಕ್ಸ್-ರೇ ಮತ್ತು ಹರಳು, ಇಲ್ಲಿ ಮೈಕ್ರೋವೇವ್ ಮತ್ತು ಅಲೆ. ಒಂದರ ಹಿಂದೆ ಒಂದು ನಿಂತ ಅಲೆಗಳಿಂದ ವಾಪಸ್ ಬರುವ ಸಿಗ್ನಲ್‌ಗಳು ಒಂದೇ ಫೇಸ್‌ನಲ್ಲಿ ಬಂದರೆ ಕೂಡಿಕೊಂಡು ಜೋರಾಗ್ತವೆ. ಅದಕ್ಕೆ ಬೇಕಾದ ಅಲೆಯ ಉದ್ದ:

ಅಲೆಯ ಉದ್ದ = ರೇಡಾರ್ ತರಂಗದ ಉದ್ದ ÷ (2 × ಸೈನ್ ಥೀಟಾ)

ಇಲ್ಲಿ ಥೀಟಾ ಅಂದರೆ ಸಿಗ್ನಲ್ ನೇರ ಲಂಬದಿಂದ ಎಷ್ಟು ಓರೆಯಾಗಿ ಬೀಳುತ್ತೆ ಅನ್ನೋ ಕೋನ. 5.5 ಸೆಂ.ಮೀ. ತರಂಗ, 30 ಡಿಗ್ರಿ ಕೋನ ಹಾಕಿದರೆ ಉತ್ತರ 5.5 ಸೆಂ.ಮೀ. 45 ಡಿಗ್ರಿಗೆ ಸುಮಾರು 3.9 ಸೆಂ.ಮೀ. ನೋಡಿದ್ರಾ? ಬಾಹ್ಯಾಕಾಶದಲ್ಲಿರುವ ಉಪಗ್ರಹಕ್ಕೆ ಮುಖ್ಯವಾಗಿ ಕಾಣೋದು ನಮ್ಮ ಹೆಬ್ಬೆರಳಿನ ಉದ್ದದ ಅಲೆಗಳು. ಎಣ್ಣೆ ಮೊದಲು ಅಡಗಿಸೋದೂ ಅವನ್ನೇ. ಈ ಎರಡು ಅಳತೆ ಹೊಂದಿಕೊಂಡಿದ್ದರಿಂದಲೇ ಇಡೀ ವಿಧಾನ ನಡೀತಿದೆ. ಎಣ್ಣೆ ಇರುವ ಜಾಗದಿಂದ ಬರುವ ಸಿಗ್ನಲ್ ಸಾಮಾನ್ಯವಾಗಿ ಸುತ್ತಲಿಗಿಂತ 5ರಿಂದ 10 ಡೆಸಿಬೆಲ್ ಕಡಿಮೆ ಇರುತ್ತೆ. ಅಂದರೆ ಮೂರನೇ ಒಂದು ಪಾಲಿನಿಂದ ಹತ್ತನೇ ಒಂದು ಪಾಲು.

ಭಾರತ ಮತ್ತು ಅಮೆರಿಕ ಸೇರಿ 2025ರ ಜುಲೈ 30ರಂದು ಹಾರಿಸಿದ ನಿಸಾರ್ ಉಪಗ್ರಹದಲ್ಲಿ ಎರಡು ರೇಡಾರ್ ಇವೆ. ಒಂದರ ತರಂಗ ಸುಮಾರು 24 ಸೆಂ.ಮೀ. ಇದೇ ಸೂತ್ರಕ್ಕೆ 35 ಡಿಗ್ರಿ ಹಾಕಿದರೆ ಅದು ಹುಡುಕೋದು ಸುಮಾರು 21 ಸೆಂ.ಮೀ. ಅಲೆಗಳನ್ನು. ಅಷ್ಟುದ್ದದ ಅಲೆಯನ್ನು ತೆಳು ಎಣ್ಣೆ ಅಷ್ಟು ಚೆನ್ನಾಗಿ ಅಡಗಿಸಲ್ಲ. ಹಾಗಾಗಿ ಹೊಸ ಉಪಗ್ರಹ ಬಂದ ತಕ್ಷಣ ಎಲ್ಲಾ ಕೆಲಸಕ್ಕೂ ಅದೇ ಬೆಸ್ಟ್ ಅಂತ ಅಲ್ಲ. ಯಾವ ಅಲೆ ಬೇಕು ಅನ್ನೋದು ಮೊದಲ ಪ್ರಶ್ನೆ.

ಸಾರ್ ಅಂದ್ರೆ ಸಾರು ಅಲ್ಲ

ಈ ಉಪಗ್ರಹಗಳಲ್ಲಿರುವ ರೇಡಾರ್‌ಗೆ ಸಿಂಥೆಟಿಕ್ ಅಪರ್ಚರ್ ರೇಡಾರ್ ಅಂತ ಹೆಸರು, ಚಿಕ್ಕದಾಗಿ ಸಾರ್. ಮೆಸ್‌ನ ಸಾರೂ ಅಲ್ಲ, ಕ್ಲಾಸಿನ ಸಾರೂ ಅಲ್ಲ.

ಆಂಟೆನಾ ಎಷ್ಟು ದೊಡ್ಡದೋ ಅದರ ನೋಟ ಅಷ್ಟು ಚೂಪು. ಸೆಂಟಿನೆಲ್-1ರ ಆಂಟೆನಾ ಉದ್ದ 12.3 ಮೀಟರ್, ಬಿಎಂಟಿಸಿ ಬಸ್ಸಿನಷ್ಟು. ತರಂಗದ ಉದ್ದವನ್ನು ಇದರಿಂದ ಭಾಗಿಸಿ, ಸುಮಾರು 850 ಕಿ.ಮೀ. ಓರೆ ದೂರದಿಂದ ಗುಣಿಸಿ. ಸಮುದ್ರದ ಮೇಲೆ ಅದರ ಕಿರಣದ ಅಗಲ ಹತ್ತಿರ ಹತ್ತಿರ 4 ಕಿ.ಮೀ. ಬರುತ್ತೆ. ಅರ್ಧ ಕಿ.ಮೀ. ಅಗಲದ ಎಣ್ಣೆ ಪಟ್ಟಿ ಅದರಲ್ಲಿ ಕರಗಿಹೋಗುತ್ತೆ.

ಪರಿಹಾರ ಮಜವಾಗಿದೆ. ಉಪಗ್ರಹ ಓಡ್ತಾ ಇರುತ್ತಲ್ಲ, ದಾರಿಯುದ್ದಕ್ಕೂ ಸಾವಿರಾರು ಸಲ ಸಿಗ್ನಲ್ ಕಳಿಸಿ, ಪ್ರತಿ ಪ್ರತಿಧ್ವನಿಯ ಫೇಸ್ ಸಮೇತ ಬರೆದಿಟ್ಟುಕೊಳ್ಳುತ್ತೆ. ಆಮೇಲೆ ಕಂಪ್ಯೂಟರಿನಲ್ಲಿ ಎಲ್ಲವನ್ನೂ ಕೂಡಿಸಿದರೆ, ಕಿಲೋಮೀಟರ್‌ಗಟ್ಟಲೆ ಉದ್ದದ ಒಂದು ಆಂಟೆನಾ ಇದ್ದಂತಾಗುತ್ತೆ. ಫೋರಿಯರ್ ಟ್ರಾನ್ಸ್‌ಫಾರ್ಮ್ ಓದಿ ಏನು ಪ್ರಯೋಜನ ಅಂತ ಕೇಳೋರಿಗೆ ಇದೇ ಉತ್ತರ. ಸೆಂಟಿನೆಲ್-1 ಹೆಚ್ಚಾಗಿ ಬಳಸುವ ವಿಧಾನದಲ್ಲಿ ಸಿಗುವ ಸೂಕ್ಷ್ಮತೆ ಒಂದು ದಿಕ್ಕಿನಲ್ಲಿ 5 ಮೀಟರ್, ಇನ್ನೊಂದರಲ್ಲಿ 20 ಮೀಟರ್.

ಬೆಳ್ಳಗಿರೋದೆಲ್ಲ ಹಾಲಲ್ಲ, ಕಪ್ಪಗಿರೋದೆಲ್ಲ ಎಣ್ಣೆಯಲ್ಲ

ಈಗ ಅಸಲಿ ತಲೆನೋವು. ಅಲೆ ಇಲ್ಲ ಅಂದರೆ ಕಪ್ಪು, ಸರಿ. ಆದರೆ ಅಲೆ ಇಲ್ಲದಿರೋಕೆ ಎಣ್ಣೆಯೊಂದೇ ಕಾರಣನಾ?

- ಗಾಳಿ ಇಲ್ಲ. ಕಿರುಅಲೆ ಎಬ್ಬಿಸೋದೇ ಗಾಳಿ. ವೇಗ ಸೆಕೆಂಡಿಗೆ ಎರಡು ಮೂರು ಮೀಟರ್‌ಗಿಂತ ಕಡಿಮೆಯಾದರೆ ಇಡೀ ಸಮುದ್ರವೇ ಕಪ್ಪು. ಸೆಂಟಿನೆಲ್-1 ನಮ್ಮ ಮೇಲೆ ಹಾದುಹೋಗೋದು ಬೆಳಗ್ಗೆ ಅಥವಾ ಸಂಜೆ ಆರರ ಆಸುಪಾಸು. ಆ ಹೊತ್ತಿಗೆ ದಡದ ಹತ್ತಿರ ಗಾಳಿ ಮಂದವಾಗಿದ್ದರೆ, ಚಿತ್ರದ ತುಂಬಾ ಸುಳ್ಳು ಕಲೆಗಳು.
- ಜೀವಿಗಳ ಜಿಡ್ಡು. ಪಾಚಿ, ಪ್ಲವಕಗಳು, ಮೀನು ಎಲ್ಲವೂ ಒಂದಿಷ್ಟು ಜಿಡ್ಡು ಬಿಡ್ತವೆ. ಮಳೆಗಾಲಕ್ಕೆ ಮುಂಚೆ ನಮ್ಮ ಪಶ್ಚಿಮ ಕರಾವಳಿಯಲ್ಲಿ ಟ್ರೈಕೋಡೆಸ್ಮಿಯಂ ಅನ್ನೋ ಸೂಕ್ಷ್ಮಜೀವಿ ಹೆಪ್ಪುಗಟ್ಟಿದಂತೆ ಹಬ್ಬುತ್ತೆ. ಇಂಥ ಪದರವೂ ಅಲೆಯನ್ನು ಅಡಗಿಸುತ್ತೆ, ಫ್ರಾಂಕ್ಲಿನ್‌ನ ಚಮಚದ ಹಾಗೆ.
- ತಣ್ಣೀರು. ಆಳದ ತಣ್ಣನೆಯ ನೀರು ಮೇಲೆ ಬಂದ ಕಡೆ, ಅದರ ಮೇಲಿನ ಗಾಳಿ ಸ್ಥಿರವಾಗಿ ಅಲೆ ಏಳೋದು ಕಡಿಮೆ.
- ದ್ವೀಪ, ಗುಡ್ಡದ ಮರೆ. ಗಾಳಿಗೆ ಅಡ್ಡ ನಿಂತ ಜಾಗದ ಹಿಂದೆ ಉದ್ದ ಕಪ್ಪು ನೆರಳು.

ಇವುಗಳಿಗೆ ಈ ಕ್ಷೇತ್ರದಲ್ಲಿ ‘ತದ್ರೂಪಿಗಳು’ ಅನ್ನೋ ಅರ್ಥದ ಹೆಸರೇ ಇದೆ. ಹಾಗಾದರೆ ಬಿಡಿಸೋದು ಹೇಗೆ? ಆಕಾರ ನೋಡಿ. ಓಡುವ ಹಡಗು ಬಿಟ್ಟ ಎಣ್ಣೆ ಗೆರೆಯ ಹಾಗಿರುತ್ತೆ: ಒಂದು ತುದಿ ಚೂಪು, ಇನ್ನೊಂದು ತುದಿ ಹಳೆಯದಾದ್ದರಿಂದ ಹರಡಿ ಅಗಲವಾಗಿರುತ್ತೆ. ಚೂಪು ತುದಿಯಲ್ಲಿ ಒಂದು ಹೊಳೆಯುವ ಚುಕ್ಕೆ ಇದ್ದರೆ ಅದು ಹಡಗು. ಕಬ್ಬಿಣದ ಮೂಲೆಗಳು ಸೈಕಲ್ಲಿನ ರಿಫ್ಲೆಕ್ಟರ್ ತರ ಸಿಗ್ನಲ್ಲನ್ನು ನೇರ ವಾಪಸ್ ಕಳಿಸ್ತವೆ. ಅಂಚು ನೋಡಿ. ಎಣ್ಣೆಯ ಅಂಚು ಸಾಮಾನ್ಯವಾಗಿ ಚಾಕುವಿನಲ್ಲಿ ಕತ್ತರಿಸಿದಂತೆ, ಮಂದ ಗಾಳಿಯ ಅಂಚು ಮಸುಕು ಮಸುಕು. ಗಾಳಿ ನೋಡಿ. ಸೆಕೆಂಡಿಗೆ ಏಳೆಂಟು ಮೀಟರ್ ದಾಟಿದ ಗಾಳಿಗೆ ಜೀವಿಗಳ ಜಿಡ್ಡು ಒಡೆದುಹೋಗುತ್ತೆ, ಹಡಗಿನ ಎಣ್ಣೆ ಇನ್ನೂ ತಡೆದುಕೊಳ್ಳುತ್ತೆ. ಅಷ್ಟು ಗಾಳಿಯಲ್ಲೂ ಉಳಿದಿರುವ ಕಲೆಯ ಮೇಲೆ ಅನುಮಾನ ಜಾಸ್ತಿ.

2002ರ ನವೆಂಬರಿನಲ್ಲಿ ಸ್ಪೇನ್‌ನ ಗಲೀಷಿಯಾ ತೀರದಾಚೆ ಪ್ರೆಸ್ಟೀಜ್ ಅನ್ನೋ ಟ್ಯಾಂಕರ್ 77,000 ಟನ್ ಇಂಧನ ತೈಲ ಹೊತ್ತು ಬಿರುಕು ಬಿಟ್ಟಿತು. ಅದು ಎರಡು ತುಂಡಾಗುವ ಎರಡು ದಿನ ಮೊದಲು, ನವೆಂಬರ್ 17ರಂದು, ಎನ್ವಿಸ್ಯಾಟ್ ಉಪಗ್ರಹದ ರೇಡಾರ್ ತೆಗೆದ ಚಿತ್ರದಲ್ಲಿ ಹಡಗಿನ ಹಿಂದೆ ಉದ್ದನೆಯ ಕಪ್ಪು ಬಾಲ ಸ್ಪಷ್ಟವಾಗಿ ಕಾಣುತ್ತೆ. ಎಲ್ಲಾ ಚಿತ್ರಗಳೂ ಹಾಗೆ ಬಾಲ ಹಿಡಿದು ತೋರಿಸಲ್ಲ, ಅದೇ ಕಷ್ಟ.

ಅನುಮಾನದಿಂದ ಸಾಕ್ಷಿಯವರೆಗೆ

ಕಂಪ್ಯೂಟರಿನಲ್ಲಿ ಕೆಲಸ ಸುಮಾರಾಗಿ ಹೀಗೆ ನಡೆಯುತ್ತೆ. ಮೊದಲು ಕ್ಯಾಲಿಬ್ರೇಷನ್, ಆಮೇಲೆ ನೆಲವನ್ನು ಮರೆಮಾಡೋದು. ರೇಡಾರ್ ಚಿತ್ರದಲ್ಲಿ ಉಪ್ಪು-ಮೆಣಸು ಉದುರಿಸಿದಂಥ ಚುಕ್ಕೆಗಳಿರ್ತವೆ, ಅದನ್ನು ಫಿಲ್ಟರ್ ಹಾಕಿ ತಗ್ಗಿಸಬೇಕು. ನಂತರ ಪ್ರತಿ ಪಿಕ್ಸೆಲ್ಲನ್ನು ಅದರ ಸುತ್ತಲಿನ ಸರಾಸರಿಗೆ ಹೋಲಿಸಿ, ಇಷ್ಟು ಡೆಸಿಬೆಲ್ ಕಡಿಮೆ ಇದ್ದರೆ ‘ಕಪ್ಪು’ ಅನ್ನೋದು. ಇಡೀ ಚಿತ್ರಕ್ಕೆ ಒಂದೇ ಮಿತಿ ಇಡೋಕಾಗಲ್ಲ, ಯಾಕಂದ್ರೆ ಓರೆ ಹೆಚ್ಚಾದಂತೆ ಸಮುದ್ರವೇ ಕಪ್ಪಾಗುತ್ತಾ ಹೋಗುತ್ತೆ. ಕೊನೆಗೆ ಪ್ರತಿ ಕಪ್ಪು ಕಲೆಯ ವಿಸ್ತೀರ್ಣ, ಸುತ್ತಳತೆ, ಅಂಚಿನ ಚೂಪು ಅಳೆದು ಎಣ್ಣೆಯೋ ಅಲ್ಲವೋ ಅಂತ ನಿರ್ಧಾರ. ಈ ಕೊನೆಯ ಹಂತಕ್ಕೆ ಈಗ ಯು-ನೆಟ್ ತರಹದ ನ್ಯೂರಲ್ ನೆಟ್‌ವರ್ಕ್‌ಗಳು ಬಂದಿವೆ.

ಎಂಎಲ್ ಪ್ರಾಜೆಕ್ಟ್ ಮಾಡೋರು ಇಲ್ಲಿ ಸ್ವಲ್ಪ ನಿಲ್ಲಿ. ಚಿತ್ರದ ನೂರು ಪಿಕ್ಸೆಲ್‌ನಲ್ಲಿ ಒಂದು ಮಾತ್ರ ಎಣ್ಣೆ ಅಂತಿಟ್ಟುಕೊಳ್ಳಿ. ‘ಎಲ್ಲೂ ಎಣ್ಣೆ ಇಲ್ಲ’ ಅಂತ ಕಣ್ಣು ಮುಚ್ಚಿ ಹೇಳುವ ಮಾಡೆಲ್‌ಗೂ ಶೇಕಡಾ 99 ಅಕ್ಯುರೆಸಿ! ರಿಪೋರ್ಟಿನಲ್ಲಿ ಚೆನ್ನಾಗಿ ಕಾಣುತ್ತೆ, ಸಮುದ್ರದಲ್ಲಿ ಕೆಲಸಕ್ಕೆ ಬರಲ್ಲ. ಕೇಳಬೇಕಾದ ಪ್ರಶ್ನೆ ಎರಡು: ಇದ್ದ ಎಣ್ಣೆಯಲ್ಲಿ ಎಷ್ಟನ್ನು ಹಿಡಿದೆ? ಹಿಡಿದದ್ದರಲ್ಲಿ ಎಷ್ಟು ನಿಜ? ಮೊದಲನೆಯದು ತಪ್ಪಿದರೆ ಯಾರದೋ ಬಲೆ, ಯಾರದೋ ಸೀಸನ್ ಹಾಳು. ಎರಡನೆಯದು ತಪ್ಪಿದರೆ ಕೋಸ್ಟ್ ಗಾರ್ಡ್‌ನ ಡಾರ್ನಿಯರ್ ವಿಮಾನ ಪಾಚಿ ನೋಡಿಕೊಂಡು ವಾಪಸ್ ಬರುತ್ತೆ. ನಾಲ್ಕು ಸಲ ಹಾಗಾದರೆ ಐದನೇ ಸಲ ಯಾರು ಹೊರಡ್ತಾರೆ? ತೋಳ ಬಂತು ತೋಳ ಕಥೆ ನಮಗೆಲ್ಲ ಗೊತ್ತಲ್ವಾ.

ಅದಕ್ಕೇ ಯುರೋಪಿನಲ್ಲಿ 2007ರಿಂದ ನಡೀತಿರೋ ಕ್ಲೀನ್‌ಸೀನೆಟ್ ವ್ಯವಸ್ಥೆ ಕಲೆಗಳನ್ನು ‘ಎ’ ಮತ್ತು ‘ಬಿ’ ಅಂತ ಎರಡು ದರ್ಜೆ ಮಾಡುತ್ತೆ. ಎ ಅಂದರೆ ಬಹುಶಃ ಎಣ್ಣೆ, ಬಿ ಅಂದರೆ ಅಷ್ಟು ಖಾತ್ರಿಯಿಲ್ಲ. ಉಪಗ್ರಹ ಹಾದುಹೋದ ಸುಮಾರು ಅರ್ಧ ಗಂಟೆಯೊಳಗೆ ಆಯಾ ದೇಶಕ್ಕೆ ಎಚ್ಚರಿಕೆ ಹೋಗುತ್ತೆ. ಜೊತೆಗೆ ಎಐಎಸ್ ಮಾಹಿತಿ ಸೇರಿಸ್ತಾರೆ. ದೊಡ್ಡ ಹಡಗುಗಳೆಲ್ಲ ತಮ್ಮ ಗುರುತು, ಜಾಗ, ವೇಗವನ್ನು ರೇಡಿಯೋದಲ್ಲಿ ಹೇಳ್ತಾ ಇರಬೇಕು, ಅದೇ ಎಐಎಸ್. ಎಣ್ಣೆ ಗಾಳಿಯ ವೇಗದ ಸುಮಾರು ಶೇಕಡಾ 3ರಷ್ಟು ವೇಗದಲ್ಲಿ ತೇಲುತ್ತೆ, ಮೇಲೆ ಪ್ರವಾಹದ ಎಳೆತ. ಹಿಂದಕ್ಕೆ ಲೆಕ್ಕ ಹಾಕಿ, ಆ ಹೊತ್ತಿಗೆ ಆ ಜಾಗದಲ್ಲಿ ಯಾವ ಹಡಗಿತ್ತು ಅಂತ ನೋಡ್ತಾರೆ. ಎಐಎಸ್ ಆಫ್ ಮಾಡಿಕೊಂಡವರೂ ರೇಡಾರ್‌ಗೆ ಹೊಳೆಯುವ ಚುಕ್ಕೆಯಾಗಿ ಕಾಣ್ತಾರೆ. ಹೆಸರು ಹೇಳದ ಚುಕ್ಕೆ ಅಂದ ಮೇಲೆ ಅನುಮಾನ ಇನ್ನೂ ಜಾಸ್ತಿ.

ಇಷ್ಟಾದರೂ ಉಪಗ್ರಹದ ಚಿತ್ರ ಅನುಮಾನವೇ. ವಿಮಾನವೋ ದೋಣಿಯೋ ಹೋಗಿ ಕಣ್ಣಾರೆ ನೋಡಿ, ಸಾಧ್ಯವಾದರೆ ಸ್ಯಾಂಪಲ್ ತರಬೇಕು. ಉಪಗ್ರಹ ಹೇಳೋದು ‘ಇಲ್ಲಿ ಹೋಗಿ ನೋಡಿ’ ಅಂತ. ಅಷ್ಟು ದೊಡ್ಡ ಸಮುದ್ರದಲ್ಲಿ ಅದೇನು ಕಡಿಮೆ ಉಪಕಾರ ಅಲ್ಲ.

ಎಷ್ಟು ಎಣ್ಣೆ?

ಪತ್ರಕರ್ತರು ಮೊದಲು ಕೇಳುವ ಪ್ರಶ್ನೆ ಇದು. ರೇಡಾರ್‌ಗೆ ಉತ್ತರಿಸೋಕಾಗದ ಪ್ರಶ್ನೆಯೂ ಇದೇ. ತೆಳು ಪದರವೂ ಅಲೆ ಅಡಗಿಸುತ್ತೆ, ದಪ್ಪ ಪದರವೂ ಅಡಗಿಸುತ್ತೆ, ಚಿತ್ರದಲ್ಲಿ ಎರಡೂ ಕಪ್ಪು. 10 ಚದರ ಕಿ.ಮೀ. ಕಲೆ ಕಂಡಿತು ಅಂತಿಟ್ಟುಕೊಳ್ಳಿ. ಪದರದ ದಪ್ಪ 0.1 ಮೈಕ್ರೋಮೀಟರ್ ಆದರೆ ಒಟ್ಟು ಎಣ್ಣೆ 1000 ಲೀಟರ್, ಐದು ಡ್ರಮ್ಮು. 200 ಮೈಕ್ರೋಮೀಟರ್ ಆದರೆ 20 ಲಕ್ಷ ಲೀಟರ್. ವ್ಯತ್ಯಾಸ ಎರಡು ಸಾವಿರ ಪಟ್ಟು! ವಿಮಾನದಿಂದ ನೋಡುವವರು ಬಣ್ಣದಿಂದ ದಪ್ಪ ಊಹಿಸ್ತಾರೆ: ಬೆಳ್ಳಿ ಹೊಳಪು ಅಂದರೆ ತೀರಾ ತೆಳು, ಮಳೆಯಲ್ಲಿ ರಸ್ತೆಯ ಮೇಲೆ ಕಾಣುವ ಕಾಮನಬಿಲ್ಲಿನ ಬಣ್ಣ ಅಂದರೆ ಸ್ವಲ್ಪ ದಪ್ಪ, ಎಣ್ಣೆಯದೇ ಕಂದು ಕಪ್ಪು ಬಣ್ಣ ಕಂಡರೆ ಗಂಭೀರ. ‘ಇಷ್ಟು ಚದರ ಕಿ.ಮೀ. ಎಣ್ಣೆ’ ಅನ್ನೋ ಹೆಡ್‌ಲೈನ್ ನೋಡಿದಾಗ ಇದು ನೆನಪಿರಲಿ.

ನಮ್ಮ ಕರಾವಳಿ, ನಮ್ಮ ಮಳೆಗಾಲ

ಈಗ ನಮ್ಮ ಮನೆ ಬಾಗಿಲಿಗೆ ಬರೋಣ. ಮೂರು ಘಟನೆ, ಮೂರರ ತಾರೀಕೂ ನೋಡಿ.

2006ರ ಮೇ 30ರಂದು ಓಷನ್ ಸೆರಾಯಾ ಅನ್ನೋ ಹಡಗು ಕಾರವಾರದ ಹತ್ತಿರ ಬಂಡೆಗೆ ತಗುಲಿ ನಿಂತಿತು, ಅದರ ಎಣ್ಣೆ ದಡಕ್ಕೆ ಬಂತು. 2022ರ ಜೂನ್‌ನಲ್ಲಿ ಉಕ್ಕಿನ ಸುರುಳಿ ಹೊತ್ತ ಪ್ರಿನ್ಸೆಸ್ ಮಿರಾಲ್ ಉಳ್ಳಾಲದ ಹತ್ತಿರ ಮುಳುಗಿತು. ಸಿರಿಯಾದ 15 ಸಿಬ್ಬಂದಿಯನ್ನು ಕೋಸ್ಟ್ ಗಾರ್ಡ್ ಕಾಪಾಡಿತು. 2025ರ ಮೇ 24ರಂದು, ಕೇರಳಕ್ಕೆ ಮುಂಗಾರು ಬಂತು ಅಂತ ಹವಾಮಾನ ಇಲಾಖೆ ಹೇಳಿದ ಅದೇ ದಿನ, ವಿಳಿಂಜಂನಿಂದ ಕೊಚ್ಚಿಗೆ ಹೋಗ್ತಿದ್ದ ಎಂಎಸ್‌ಸಿ ಎಲ್ಸಾ 3 ವಾಲಿತು, ಮರುದಿನ ಮುಳುಗಿತು. ಅದರಲ್ಲಿದ್ದ ಇಂಧನ ಸುಮಾರು 367 ಟನ್ ಫರ್ನೇಸ್ ಆಯಿಲ್, 84 ಟನ್ ಡೀಸೆಲ್.

ಮೇ ಕೊನೆ, ಜೂನ್, ಮತ್ತೆ ಮೇ ಕೊನೆ. ಹಡಗುಗಳಿಗೆ ಕಷ್ಟ ಬರೋದು ಸಮುದ್ರ ಕೆರಳಿದಾಗ ಅನ್ನೋದು ಹೊಸ ವಿಷಯ ಅಲ್ಲ. ಆದರೆ ಇದನ್ನು ನಮ್ಮ ಅಲೆಯ ಲೆಕ್ಕದ ಜೊತೆ ಇಟ್ಟು ನೋಡಿ. ಮಂದ ಗಾಳಿಯಲ್ಲಿ ರೇಡಾರ್ ಸೋಲುತ್ತೆ ಅಂದೆವಲ್ಲ, ಜೋರು ಗಾಳಿಯಲ್ಲೂ ಸೋಲುತ್ತೆ. ಸೆಕೆಂಡಿಗೆ 10ರಿಂದ 14 ಮೀಟರ್ ದಾಟಿದರೆ ಒಡೆಯುವ ಅಲೆಗಳು ಎಣ್ಣೆಯನ್ನು ನೀರಿನೊಳಗೆ ಕಲಸಿಬಿಡ್ತವೆ, ಮೇಲ್ಮೈ ಮತ್ತೆ ಒರಟಾಗುತ್ತೆ, ಕಪ್ಪು ಕಲೆ ಮಾಯ. ಎಣ್ಣೆ ಹೋಗಿರಲ್ಲ, ಕಾಣಲ್ಲ ಅಷ್ಟೇ. ಮುಂಗಾರಿನಲ್ಲಿ ಅರಬ್ಬೀ ಸಮುದ್ರದ ಮೇಲೆ ಇಂಥ ಗಾಳಿ ಅಪರೂಪವೇನಲ್ಲ. ಮೋಡದಿಂದ ಕ್ಯಾಮೆರಾ ಕುರುಡು, ಗಾಳಿಯಿಂದ ರೇಡಾರ್ ಮಂಜು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ರಜೆ, ಹಾಗಾಗಿ ‘ಇಲ್ಲಿ ಎಣ್ಣೆ ಇದೆ’ ಅಂತ ಹೇಳೋಕೆ ಬೋಟಿನವರೂ ಆಳ ಸಮುದ್ರದಲ್ಲಿ ಇರಲ್ಲ. ದಡದ ಹತ್ತಿರ ನಾಡದೋಣಿಯವರು ಇರ್ತಾರೆ. ಎಣ್ಣೆ ಮೊದಲು ಮೆತ್ತಿಕೊಳ್ಳೋದು ಅವರ ಬಲೆಗೆ.

ಇನ್ನೊಂದು ತೊಂದರೆ ಸಮಯ. ಒಂದು ಸೆಂಟಿನೆಲ್-1 ಉಪಗ್ರಹ ಅದೇ ದಾರಿಗೆ ಮರಳೋದು 12 ದಿನಕ್ಕೆ. ಜೋಡಿಯಲ್ಲಿದ್ದ ಎರಡನೆಯದು 2021ರ ಡಿಸೆಂಬರಿನಲ್ಲಿ ಕೆಟ್ಟಿತು, ಬದಲಿ ಹಾರಿದ್ದು 2024ರ ಡಿಸೆಂಬರಿನಲ್ಲಿ. ಸೆಕೆಂಡಿಗೆ 10 ಮೀಟರ್ ಗಾಳಿ ಇದ್ದರೆ ಅದರ ಶೇಕಡಾ 3, ಅಂದರೆ ದಿನಕ್ಕೆ ಸುಮಾರು 26 ಕಿ.ಮೀ. ಎಣ್ಣೆ ಚಲಿಸುತ್ತೆ. ಉಪಗ್ರಹ ಬರುವಷ್ಟರಲ್ಲಿ ಎಣ್ಣೆ ದಡ ಸೇರಿ, ಡಾಂಬರು ಉಂಡೆಯಾಗಿ ಮಲ್ಪೆ ಬೀಚಿನಲ್ಲಿ ಯಾರದೋ ಚಪ್ಪಲಿಗೆ ಅಂಟಿರಬಹುದು. ಅದಕ್ಕೇ ಒಂದೇ ಉಪಗ್ರಹ ಸಾಲದು. ಇಸ್ರೋ 2012ರಲ್ಲಿ ರಿಸ್ಯಾಟ್-1, 2022ರ ಫೆಬ್ರವರಿ 14ರಂದು ಇಓಎಸ್-04 ಹಾರಿಸಿತು. ಎರಡೂ ಸೆಂಟಿನೆಲ್‌ನಂಥದ್ದೇ ಸಿ-ಬ್ಯಾಂಡ್ ರೇಡಾರ್. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಗಾಳಿ, ಪ್ರವಾಹದ ಲೆಕ್ಕ ಹಾಕಿ ಎಣ್ಣೆ ಎತ್ತ ತೇಲುತ್ತೆ ಅಂತ ಮುನ್ಸೂಚನೆ ಕೊಡುತ್ತೆ. ಉಪಗ್ರಹ ಒಂದು ಕ್ಷಣದ ಚಿತ್ರ ಕೊಟ್ಟರೆ, ಈ ಲೆಕ್ಕ ನಡುವಿನ ದಿನಗಳನ್ನು ತುಂಬುತ್ತೆ. ಎರಡೂ ಸೇರಿದರೆ ಮಾತ್ರ ಕೋಸ್ಟ್ ಗಾರ್ಡ್‌ಗೆ ‘ನಾಳೆ ಯಾವ ಊರಿನ ದಡ’ ಅನ್ನೋ ಉತ್ತರ ಸಿಗೋದು.

ಇದನ್ನು ಯಾಕೆ ಇಷ್ಟು ಒತ್ತಿ ಹೇಳ್ತಿದ್ದೀವಿ ಅಂದ್ರೆ, ಈ ಕ್ಷೇತ್ರದಲ್ಲಿ ‘ಚಿತ್ರದಲ್ಲಿ ಏನೂ ಕಾಣಲಿಲ್ಲ’ ಅನ್ನೋದಕ್ಕೆ ‘ಎಣ್ಣೆ ಇಲ್ಲ’ ಅಂತ ಅರ್ಥ ಅಲ್ಲ. ಆ ದಿನದ ಗಾಳಿ ಎಷ್ಟಿತ್ತು ಅಂತ ಕೇಳದೆ ಆ ಚಿತ್ರವನ್ನು ಓದೋಕೇ ಆಗಲ್ಲ.

ನೀವೇ ಟ್ರೈ ಮಾಡಿ

ಇದನ್ನೆಲ್ಲ ಮಾಡೋಕೆ ದೊಡ್ಡ ಲ್ಯಾಬ್ ಬೇಕಾಗಿಲ್ಲ. ಸೆಂಟಿನೆಲ್-1ರ ಚಿತ್ರಗಳು ಪೂರ್ತಿ ಉಚಿತ. ಕೋಪರ್ನಿಕಸ್ ಡೇಟಾ ಸ್ಪೇಸ್‌ನಲ್ಲಿ ಒಂದು ಅಕೌಂಟ್ ಮಾಡಿಕೊಂಡರೆ ಬ್ರೌಸರ್‌ನಲ್ಲೇ ನೋಡಬಹುದು. ಜನವರಿಯಿಂದ ಮಾರ್ಚ್‌ವರೆಗಿನ ಚಿತ್ರಗಳನ್ನು ತೆಗೆದುಕೊಳ್ಳಿ, ಆಗ ಗಾಳಿ ಹದವಾಗಿ ಸಿಗುವ ಸಾಧ್ಯತೆ ಹೆಚ್ಚು. ಮುಂಬೈ ಪಶ್ಚಿಮಕ್ಕಿರುವ ತೈಲ ಬಾವಿಗಳ ಭಾಗದಿಂದ ಶುರು ಮಾಡಿ, ವಿವಿ ಧ್ರುವೀಕರಣ ಆರಿಸಿ. ಸಮುದ್ರದ ಸಿಗ್ನಲ್ ಅದರಲ್ಲೇ ಜೋರು. ಬಿಳಿ ಚುಕ್ಕೆಗಳು ಬಾವಿಯ ಕಟ್ಟೆಗಳು ಮತ್ತು ಹಡಗುಗಳು. ಅವುಗಳ ಹಿಂದೆ ಕಪ್ಪು ಗೆರೆ ಇದೆಯಾ ನೋಡಿ.

ಇನ್ನೂ ಮುಂದೆ ಹೋಗೋರಿಗೆ ಯುರೋಪಿಯನ್ ಬಾಹ್ಯಾಕಾಶ ಸಂಸ್ಥೆಯ ಸ್ನ್ಯಾಪ್ ಅನ್ನೋ ಸಾಫ್ಟ್‌ವೇರ್ ಇದೆ, ಅದೂ ಉಚಿತ. ಅದರ ರೇಡಾರ್ ಮೆನುವಿನಲ್ಲಿ ಎಣ್ಣೆ ಹುಡುಕುವ ಟೂಲ್ ರೆಡಿ ಇದೆ. ಸುತ್ತಲಿನ ಕಿಟಕಿಯ ಅಳತೆ ಮತ್ತು ಎಷ್ಟು ಡೆಸಿಬೆಲ್ ವ್ಯತ್ಯಾಸ ಬೇಕು ಅಂತ ಕೊಟ್ಟರೆ ಕಪ್ಪು ಕಲೆಗಳನ್ನು ಗುರುತು ಮಾಡಿಕೊಡುತ್ತೆ. ಒಂದೊಂದು ಫೈಲ್ ಸುಮಾರು ಒಂದು ಜಿಬಿ, ಹಾಸ್ಟೆಲ್ ವೈಫೈ ನಂಬಬೇಡಿ. ಡೆಸಿಬೆಲ್ ಮಿತಿಯನ್ನು ಸ್ವಲ್ಪ ಸ್ವಲ್ಪ ಬದಲಿಸಿ ನೋಡಿ. ಸಡಿಲ ಮಾಡಿದರೆ ಸಮುದ್ರದ ತುಂಬಾ ಎಣ್ಣೆ, ಬಿಗಿ ಮಾಡಿದರೆ ಎಲ್ಲೂ ಇಲ್ಲ.

ಟೂಲ್ ಇಲ್ಲಿಗೆ ಕೈಬಿಡುತ್ತೆ. ಅಲ್ಲಿಂದ ಮುಂದೆ ಪ್ರತಿ ಕಲೆಗೂ ನೀವೇ ಪ್ರಶ್ನೆ ಕೇಳಬೇಕು: ಆವತ್ತು ಗಾಳಿ ಎಷ್ಟಿತ್ತು? ಅಂಚು ಹೇಗಿದೆ? ಹತ್ತಿರ ಹಡಗಿದೆಯಾ? ಮುಂದಿನ ಚಿತ್ರದಲ್ಲಿ ಅದೇ ಕಲೆ ಅಲ್ಲೇ ಇದೆಯಾ, ಗಾಳಿಯ ದಿಕ್ಕಿಗೆ ಸರಿದಿದೆಯಾ? ಮಿನಿ ಪ್ರಾಜೆಕ್ಟ್‌ಗೆ ವಿಷಯ ಹುಡುಕ್ತಿರೋರು ಒಂದು ಕೆಲಸ ಮಾಡಬಹುದು: ಕಾರವಾರದಿಂದ ಮಂಗಳೂರುವರೆಗಿನ ಒಂದು ವರ್ಷದ ಚಿತ್ರಗಳನ್ನು ತೆಗೆದುಕೊಂಡು, ಆ ದಿನಗಳ ಗಾಳಿಯ ಲೆಕ್ಕ ಪಕ್ಕದಲ್ಲಿಟ್ಟು, ವರ್ಷದಲ್ಲಿ ನಿಜಕ್ಕೂ ಎಷ್ಟು ಚಿತ್ರಗಳಲ್ಲಿ ಎಣ್ಣೆ ಇದ್ದರೆ ಕಾಣುತ್ತಿತ್ತು ಅಂತ ಎಣಿಸೋದು. ಎಣ್ಣೆ ಹುಡುಕೋದಲ್ಲ, ನಮ್ಮ ಕಣ್ಣು ಎಷ್ಟು ದಿನ ತೆರೆದಿರುತ್ತೆ ಅಂತ ಅಳೆಯೋದು. ಮಾಡಿದವರು ಬರೆದು ಕಳಿಸಿ, ಮುಂದಿನ ಸಂಚಿಕೆಯಲ್ಲಿ ಜಾಗ ಇಟ್ಟಿರ್ತೀವಿ.